ಅರವತ್ತು ದಾಟಿದ ಮೇಲೆ ಪಿಕಲ್‌ಬಾಲ್: ಲಾಭ, ಪೆಟ್ಟು ಮತ್ತು ಪದೇ ಪದೇ ಕೇಳುವ ಪ್ರಶ್ನೆಗಳು

ಬೆಂಗಳೂರಿನ ಅಪಾರ್ಟ್‌ಮೆಂಟುಗಳಲ್ಲಿ ಬೆಳಿಗ್ಗೆ ಬೆಳಿಗ್ಗೆ ಟಕ್ ಟಕ್ ಸದ್ದು ಕೇಳಿಸಿದರೆ ಅದು ಪಿಕಲ್‌ಬಾಲ್ ಅಂತ ಈಗ ಯಾರೂ ಹೇಳಿಕೊಡಬೇಕಿಲ್ಲ. ಮಗ ಅಥವಾ ಮಗಳ ಮನೆಗೆಂದು ಅಮೆರಿಕಕ್ಕೆ ಹೋದವರು ಅಲ್ಲಿನ ಪಾರ್ಕಿನಲ್ಲೇ ಕಲಿತು, ವಾಪಸ್ ಬಂದ ಮೇಲೂ ಕೋರ್ಟ್ ಹುಡುಕುತ್ತಿದ್ದಾರೆ. ಅವರು, ಅವರ ಮನೆಯವರು ಕೇಳುವ ಪ್ರಶ್ನೆಗಳು ಇಲ್ಲಿವೆ. ಇದು ಸಾಮಾನ್ಯ ಮಾಹಿತಿ ಅಷ್ಟೇ. ನಿಮ್ಮ ಮೈ ವಿಷಯದಲ್ಲಿ ನಿಮ್ಮ ಡಾಕ್ಟರ್ ಹೇಳಿದ್ದೇ ಕೊನೆ ಮಾತು.

ಪಿಕಲ್‌ಬಾಲ್ ಅಂದರೆ ಎಂಥ ಆಟ?

ಟೆನಿಸ್, ಬ್ಯಾಡ್ಮಿಂಟನ್, ಟೇಬಲ್ ಟೆನಿಸ್ ಮೂರರಿಂದಲೂ ಸ್ವಲ್ಪ ಸ್ವಲ್ಪ ತೆಗೆದುಕೊಂಡ ಆಟ. 1965ರಲ್ಲಿ ಅಮೆರಿಕದ ವಾಷಿಂಗ್ಟನ್ ರಾಜ್ಯದ ಬೈನ್‌ಬ್ರಿಜ್ ದ್ವೀಪದಲ್ಲಿ ಜೋಯಲ್ ಪ್ರಿಚರ್ಡ್ ಎಂಬ ರಾಜಕಾರಣಿ ಮತ್ತು ಅವರ ಸ್ನೇಹಿತರು ಮನೆಯ ಮಕ್ಕಳಿಗೆ ಹೊತ್ತು ಹೋಗಲಿ ಎಂದು ಶುರುಮಾಡಿದ್ದು. ಆಮೇಲೆ ಅದನ್ನು ಸಾಕಿ ಬೆಳೆಸಿದವರು ಮಾತ್ರ ಅರಿಜೋನಾ, ಫ್ಲಾರಿಡಾದ ನಿವೃತ್ತರು. ನಮ್ಮ ದೇಶಕ್ಕೆ ಇದು ಬಂದು ಹೆಚ್ಚು ಕಾಲವಾಗಿಲ್ಲ. ಅಖಿಲ ಭಾರತ ಪಿಕಲ್‌ಬಾಲ್ ಸಂಘ ಶುರುವಾಗಿದ್ದು 2008ರಲ್ಲಿ.

ಕೋರ್ಟ್ 44 ಅಡಿ ಉದ್ದ, 20 ಅಡಿ ಅಗಲ. ಅಂದರೆ ಸರಿಯಾಗಿ ಬ್ಯಾಡ್ಮಿಂಟನ್ ಡಬಲ್ಸ್ ಕೋರ್ಟಿನಷ್ಟು, ಟೆನಿಸ್ ಕೋರ್ಟಿನ ಮೂರನೇ ಒಂದು ಪಾಲಿಗಿಂತ ಕಡಿಮೆ. ನೆಟ್ ನಡುವೆ 34 ಇಂಚು ಎತ್ತರ. ಹೊಡೆಯುವುದು ಪ್ಯಾಡಲ್ ಎಂಬ ಚಪ್ಪಟೆ ಬ್ಯಾಟಿನಿಂದ. ಚೆಂಡು ತೂತುಗಳಿರುವ ಪ್ಲಾಸ್ಟಿಕ್ಕಿನದು, ಗಾಳಿಯಲ್ಲಿ ಬೇಗ ನಿಧಾನವಾಗುತ್ತದೆ. ಸರ್ವ್ ಕೆಳಗಿನಿಂದ ಮಾಡಬೇಕು. ನೆಟ್‌ನ ಎರಡೂ ಕಡೆ 7 ಅಡಿ ಜಾಗಕ್ಕೆ ಕಿಚನ್ ಅನ್ನುತ್ತಾರೆ. ಅದರೊಳಗೆ ನಿಂತು, ನೆಲಕ್ಕೆ ಬೀಳದ ಚೆಂಡನ್ನು ಹೊಡೆಯುವಂತಿಲ್ಲ. ಸಾಮಾನ್ಯವಾಗಿ 11 ಪಾಯಿಂಟಿಗೆ ಗೇಮ್, ಎರಡು ಪಾಯಿಂಟ್ ಅಂತರವಿರಬೇಕು.

ವಯಸ್ಸಾದವರಿಗೆ ಇದು ಇಷ್ಟು ಹಿಡಿಸುವುದು ಯಾಕೆ?

ಮೊದಲ ದಿನವೇ ಆಡಲು ಬರುತ್ತದೆ, ಅದಕ್ಕೆ. ಟೆನಿಸ್‌ನಲ್ಲಿ ಒಂದು ರ‍್ಯಾಲಿ, ಅಂದರೆ ಚೆಂಡು ನಿಲ್ಲದೆ ಅತ್ತಿಂದಿತ್ತ ಹೋಗುವುದು, ಸಾಧ್ಯವಾಗಲು ತಿಂಗಳುಗಳೇ ಬೇಕು. ಇಲ್ಲಿ ಅರ್ಧ ಗಂಟೆ ಸಾಕು. ಕೈ ತಲೆಯ ಮೇಲೆತ್ತಿ ಸರ್ವ್ ಮಾಡುವ ಕಷ್ಟವಿಲ್ಲ. ಡಬಲ್ಸ್‌ನಲ್ಲಿ ನಿಮ್ಮ ಪಾಲಿನ ಜಾಗ ನಾಲ್ಕೈದು ಹೆಜ್ಜೆಯಷ್ಟೇ. ಇನ್ನೊಂದು ಮಾತು: ಬಲಕ್ಕಿಂತ ಜಾಣತನಕ್ಕೆ ಬೆಲೆ ಜಾಸ್ತಿ. ಅರವತ್ತೈದರ ಅಜ್ಜಿ ಇಪ್ಪತ್ತೈದರ ಹುಡುಗನನ್ನು ಕಿಚನ್ ಗೆರೆಯಲ್ಲಿ ನಿಲ್ಲಿಸಿ ಸುಸ್ತು ಮಾಡಬಹುದು.

ಆದರೆ ಇದೇ ಸುಲಭತನ ತೊಂದರೆಯ ಬೇರೂ ಹೌದು. ಆಟ ಒಂದು ದಿನದಲ್ಲಿ ಬರುತ್ತದೆ, ಕಾಲಿಗೆ ಬೇಕಾದ ಬಲ ಒಂದು ದಿನದಲ್ಲಿ ಬರುವುದಿಲ್ಲ.

ಆರೋಗ್ಯಕ್ಕೆ ನಿಜವಾಗಲೂ ಲಾಭವಿದೆಯೇ, ಅಥವಾ ಸುಮ್ನೆ ಫ್ಯಾಷನ್ನೇ?

ಲಾಭವಿದೆ. ಅಮೆರಿಕದ ಕೊಲೊರಾಡೊದಲ್ಲಿ 40ರಿಂದ 85 ವರ್ಷದ 15 ಜನರ ಮೇಲೆ ಒಂದು ಸಣ್ಣ ಅಧ್ಯಯನ ನಡೆದಿತ್ತು. ಆಡುವಾಗ ಅವರ ಹೃದಯ ಬಡಿತ ಸರಾಸರಿ ನಿಮಿಷಕ್ಕೆ 109. ಗಂಟೆಗೆ ಸುಮಾರು 350 ಕ್ಯಾಲೊರಿ ಖರ್ಚು. ವಾರಕ್ಕೆ ನಾಲ್ಕು ದಿನದಂತೆ ಆರು ವಾರ ಆಡಿದ ಮೇಲೆ ಅವರ ರಕ್ತದೊತ್ತಡ, ಕೊಲೆಸ್ಟರಾಲ್, ದಮ್ಮು ಎಲ್ಲವೂ ಸುಧಾರಿಸಿದ್ದವು. ಹದಿನೈದು ಜನರ ಲೆಕ್ಕ ಹಿಡಿದು ಊರಿಗೆಲ್ಲ ಸಾರುವಂತಿಲ್ಲ. ಆದರೂ ಇದು ನಿಜವಾದ ವ್ಯಾಯಾಮ ಅನ್ನುವುದಕ್ಕೆ ಅಷ್ಟು ಸಾಕು.

ವಾಟ್ಸಾಪಿನಲ್ಲಿ ಓಡಾಡುವ ಇನ್ನೊಂದು ಲೆಕ್ಕವಿದೆ, ರ‍್ಯಾಕೆಟ್ ಆಟ ಆಡಿದರೆ ಆಯಸ್ಸು ಹೆಚ್ಚುತ್ತದೆ ಅಂತ. ಅದರ ಮೂಲ ಡೆನ್ಮಾರ್ಕಿನ ಕೋಪನ್‌ಹೇಗನ್ ಹೃದಯ ಅಧ್ಯಯನ. ಕೂತೇ ಇರುವವರಿಗೆ ಹೋಲಿಸಿದರೆ ಟೆನಿಸ್ ಆಡುವವರ ಆಯಸ್ಸು 9.7 ವರ್ಷ, ಬ್ಯಾಡ್ಮಿಂಟನ್ ಆಡುವವರದು 6.2 ವರ್ಷ ಹೆಚ್ಚು ಅಂತ 2018ರಲ್ಲಿ ಪ್ರಕಟವಾಯಿತು. ಅದರಲ್ಲಿ ಪಿಕಲ್‌ಬಾಲ್ ಇರಲೇ ಇಲ್ಲ. ಮೇಲಾಗಿ, ಟೆನಿಸ್ ಆಡುವವರಿಗೆ ದುಡ್ಡು, ಬಿಡುವು, ಒಳ್ಳೆಯ ಆಸ್ಪತ್ರೆ ಎಲ್ಲವೂ ಇರುತ್ತವೆ ಅಲ್ವಾ? ಆ ಹತ್ತು ವರ್ಷವೂ ಆಟದಿಂದಲೇ ಬಂತು ಅನ್ನಲಾಗದು.

ನಾನು ದಿನಾ ವಾಕಿಂಗ್ ಮಾಡುತ್ತೇನೆ. ಅಷ್ಟು ಸಾಲದೇ?

ವಾಕಿಂಗ್ ಒಳ್ಳೆಯದು, ಬಿಡಬೇಡಿ. ಆದರೆ ವಾಕಿಂಗ್‌ನಲ್ಲಿ ಮೈ ಒಂದೇ ದಿಕ್ಕಿಗೆ, ಒಂದೇ ಲಯದಲ್ಲಿ ಹೋಗುತ್ತದೆ. ಪಿಕಲ್‌ಬಾಲ್‌ನಲ್ಲಿ ಪಕ್ಕಕ್ಕೆ ಸರಿಯಬೇಕು, ತಟ್ಟನೆ ನಿಲ್ಲಬೇಕು, ಬಗ್ಗಬೇಕು, ಕಣ್ಣು ಕಂಡಿದ್ದಕ್ಕೆ ಕೈ ಕೂಡಲೇ ಓಡಬೇಕು. 65 ದಾಟಿದವರು ವಾರಕ್ಕೆ 150ರಿಂದ 300 ನಿಮಿಷ ಸಾಧಾರಣ ವ್ಯಾಯಾಮ, ಎರಡು ದಿನ ಸ್ನಾಯು ಬಲಪಡಿಸುವ ಕೆಲಸ, ಮೂರು ದಿನ ಮೈಯ ಸಮತೋಲನಕ್ಕೆ ಕಸರತ್ತು ಮಾಡಬೇಕು ಎನ್ನುತ್ತದೆ ವಿಶ್ವ ಆರೋಗ್ಯ ಸಂಸ್ಥೆ. ವಾಕಿಂಗ್ ಮೊದಲನೆಯದನ್ನಷ್ಟೇ ತುಂಬಿಸುತ್ತದೆ. ಪಿಕಲ್‌ಬಾಲ್ ಮೊದಲನೆಯದನ್ನೂ ಮೂರನೆಯದರ ಸ್ವಲ್ಪ ಭಾಗವನ್ನೂ ತುಂಬಿಸುತ್ತದೆ. ಸ್ನಾಯು ಬಲ ಎರಡರಿಂದಲೂ ಸಾಕಷ್ಟು ಬರುವುದಿಲ್ಲ.

ಮನಸ್ಸಿಗೆ?

ನನ್ನ ಕೇಳಿದರೆ ದೊಡ್ಡ ಲಾಭ ಇದೇ. ನಿವೃತ್ತರಾದ ಮೇಲೆ ದಿನಾ ಮಾತಾಡಿಸುವವರು ಕಮ್ಮಿಯಾಗುತ್ತಾರೆ. ಡಬಲ್ಸ್‌ಗೆ ನಾಲ್ಕು ಜನ ಬೇಕು, ಒಬ್ಬರು ಬರದಿದ್ದರೆ ಫೋನ್ ಬರುತ್ತದೆ. ಈ ಆಟವನ್ನು ಮನಸಾರೆ ಹಚ್ಚಿಕೊಂಡ ಹಿರಿಯರಲ್ಲಿ ಖಿನ್ನತೆ ಕಡಿಮೆ ಕಂಡುಬಂದಿದೆ ಎಂದು ಅಮೆರಿಕದ ಸಂಶೋಧಕರು ಬರೆದಿದ್ದಾರೆ. ಆಟದಿಂದ ಖುಷಿಯೋ, ಖುಷಿಯಾಗಿರುವವರೇ ಆಟಕ್ಕೆ ಬರುತ್ತಾರೋ, ಎರಡೂ ಇರಬಹುದು.

ಹಾಗಾದರೆ ಪೆಟ್ಟಿನ ಸುದ್ದಿ ಇಷ್ಟೊಂದು ಯಾಕೆ?

ಸುದ್ದಿ ಸುಳ್ಳಲ್ಲ. 2010ರಿಂದ 2019ರವರೆಗೆ ಪಿಕಲ್‌ಬಾಲ್ ಆಡಿ ಪೆಟ್ಟು ಮಾಡಿಕೊಂಡು ಅಮೆರಿಕದ ತುರ್ತು ಚಿಕಿತ್ಸಾ ಘಟಕಗಳಿಗೆ ಬಂದ 60 ದಾಟಿದವರ ಸಂಖ್ಯೆ ಸುಮಾರು 29,000 ಎಂದು ಅಂದಾಜಿಸಲಾಗಿದೆ. ಆಗ ಆಟ ಇಷ್ಟು ಹಬ್ಬಿರಲಿಲ್ಲ. ಆಮೇಲಿನ ವರ್ಷಗಳಲ್ಲಿ ಆಡುವವರೂ ಹೆಚ್ಚಿದರು, ಮೂಳೆ ಮುರಿತಗಳೂ ಹೆಚ್ಚಿದವು.

ಆ ಅಧ್ಯಯನದಲ್ಲಿ ನೋಡಬೇಕಾದ್ದು ಪೆಟ್ಟು ಹೇಗೆ ಆಯಿತು ಅನ್ನುವುದನ್ನು. ಮೂರರಲ್ಲಿ ಎರಡು ಪಾಲಿನಷ್ಟು, ಲೆಕ್ಕ ಹೇಳಬೇಕೆಂದರೆ 63%, ಜಾರಿ, ಎಡವಿ, ಬಿದ್ದು ಆದವು. ಚೆಂಡು ಬಡಿದೋ ಪ್ಯಾಡಲ್ ತಾಗಿಯೋ ಆದದ್ದು ಕಡಿಮೆ. ಮೂರನೇ ಒಂದು ಪಾಲು ಉಳುಕು ಮತ್ತು ಸ್ನಾಯು ಸೆಳೆತ, ಕಾಲು ಪಾಲಿಗಿಂತ ಸ್ವಲ್ಪ ಹೆಚ್ಚು ಮೂಳೆ ಮುರಿತ. ಅಂದರೆ ನೀವು ಹೆದರಬೇಕಾದ್ದು ಎದುರಾಳಿಯ ಹೊಡೆತಕ್ಕಲ್ಲ, ನೆಲಕ್ಕೆ.

ಅದು ಬೀಳುವುದಕ್ಕೇ ಹೇಳಿ ಮಾಡಿಸಿದ ನೆಲ ಬೇರೆ. ಹೆಚ್ಚಿನ ಕೋರ್ಟುಗಳು ಕಾಂಕ್ರೀಟಿನ ಮೇಲೆ ಬಣ್ಣದ ಲೇಪನ ಹಚ್ಚಿದವು. ಬೆಳಗಿನ ಮಂಜು, ಮಳೆಗಾಲದ ಪಾಚಿ, ಟೆರೇಸಿನ ಮೇಲಿನ ಸಣ್ಣ ಮರಳು, ಪಕ್ಕದ ಕೋರ್ಟಿನಿಂದ ಉರುಳಿ ಬರುವ ಚೆಂಡು, ಇವಿಷ್ಟು ಸಾಕು. ನೆಲ ಒದ್ದೆಯಿದ್ದರೆ ಆಟ ಬೇಡ. ಬುಕ್ ಮಾಡಿದ ದುಡ್ಡು ಹೋದರೆ ಹೋಗಲಿ.

ಗಂಡಸರಿಗೂ ಹೆಂಗಸರಿಗೂ ಅಪಾಯ ಒಂದೇ ತರಹವೇ?

ಅಲ್ಲ. ಅದೇ ಅಧ್ಯಯನದ ಪ್ರಕಾರ ಉಳುಕು, ಸ್ನಾಯು ಸೆಳೆತದ ಸಾಧ್ಯತೆ ಗಂಡಸರಿಗೆ ಮೂರೂವರೆ ಪಟ್ಟು ಹೆಚ್ಚು. ಮೂಳೆ ಮುರಿತದ ಸಾಧ್ಯತೆ ಹೆಂಗಸರಿಗೆ ಮೂರೂವರೆ ಪಟ್ಟಿಗಿಂತ ಹೆಚ್ಚು, ಮಣಿಕಟ್ಟಿನ ಮುರಿತವಂತೂ ಒಂಬತ್ತು ಪಟ್ಟು. ಕಾರಣ ಗೊತ್ತಿರುವುದೇ. ಮುಟ್ಟು ನಿಂತ ಮೇಲೆ ಹೆಂಗಸರ ಮೂಳೆ ಬೇಗ ಸವೆಯುತ್ತದೆ, ಬೀಳುವಾಗ ಎಲ್ಲರೂ ಕೈ ಊರುತ್ತಾರೆ. ಆದ್ದರಿಂದ ಅಮ್ಮಂದಿರೇ, ಕೋರ್ಟಿಗಿಳಿಯುವ ಮೊದಲು ಮೂಳೆ ಎಷ್ಟು ಗಟ್ಟಿಯಿದೆ ಎಂದು ಅಳೆಯುವ ಡೆಕ್ಸಾ ಸ್ಕ್ಯಾನ್ ಮಾಡಿಸಬೇಕೇ ಅಂತ ಡಾಕ್ಟರನ್ನು ಕೇಳಿ. ವಿಟಮಿನ್ ಡಿ ಕೂಡ ನೋಡಿಸಿಕೊಳ್ಳಿ. ನಮ್ಮಲ್ಲಿ ಬಿಸಿಲಿಗೆ ಬರವಿಲ್ಲ, ಆದರೂ ಅದರ ಕೊರತೆ ತುಂಬ ಜನಕ್ಕಿದೆ. ಗಂಡಸರಿಗೆ ಬೇರೆ ಬುದ್ಧಿವಾದ: ಕಾಲೇಜಿನಲ್ಲಿ ಆಡಿದ ಶಟಲ್ ನೆನಪಿನಿಂದ ಈಗಿನ ಕಾಲನ್ನು ಓಡಿಸಬೇಡಿ.

ಬೀಳದಂತೆ ಆಡಲು ಒಂದೇ ಒಂದು ನಿಯಮ ಹೇಳಿ ಅಂದರೆ?

ಹಿಮ್ಮುಖವಾಗಿ ಓಡಬೇಡಿ.

ಎದುರಾಳಿ ಚೆಂಡನ್ನು ನಿಮ್ಮ ತಲೆ ಮೇಲೆ ಎತ್ತಿ ಹಾಕುತ್ತಾರೆ. ನೀವು ಮುಖ ಮೇಲೆ ಮಾಡಿ, ಚೆಂಡನ್ನೇ ನೋಡುತ್ತಾ, ಹಿಂದಕ್ಕೆ ಹೆಜ್ಜೆ ಹಾಕುತ್ತೀರಿ. ಭಾರ ಹಿಮ್ಮಡಿ ಮೇಲೆ ಬಂದಿರುತ್ತದೆ. ಒಂದು ಹಿಮ್ಮಡಿ ಸಿಕ್ಕಿಕೊಂಡರೆ ಕೂತ ಹಾಗೆ ಬೀಳುತ್ತೀರಿ. ಮಣಿಕಟ್ಟೋ ಸೊಂಟವೋ ಮುರಿಯುತ್ತದೆ, ಕೆಟ್ಟ ಗಳಿಗೆಯಾದರೆ ತಲೆಯ ಹಿಂಭಾಗ ನೆಲಕ್ಕೆ ಬಡಿಯುತ್ತದೆ. ರಕ್ತ ತೆಳುವಾಗಿಸುವ ಮಾತ್ರೆ ತಿನ್ನುವವರಿಗೆ ಇದು ಪ್ರಾಣದ ಪ್ರಶ್ನೆ.

ಸರಿಯಾದ ರೀತಿ: ಮೊದಲು ಒಂದು ಕಾಲನ್ನು ಹಿಂದಿಟ್ಟು ಮೈಯನ್ನು ಪೂರ್ತಿ ಪಕ್ಕಕ್ಕೆ ತಿರುಗಿಸಿ. ಆಮೇಲೆ ಹೋಗುವ ದಿಕ್ಕು ನೋಡಿಕೊಂಡು ಹೋಗಿ. ಅಷ್ಟರಲ್ಲಿ ಚೆಂಡು ಬಿದ್ದುಹೋಯಿತೇ? ಬೀಳಲಿ. ‘ನಿಮ್ದು’ ಅಂತ ಜೊತೆಗಾರರಿಗೆ ಕೂಗಿ, ಅಥವಾ ‘ಒಳ್ಳೆ ಶಾಟ್’ ಅಂತ ಎದುರಾಳಿಗೆ ಹೇಳಿ. ಕೆಲವು ಹಿರಿಯರ ಗುಂಪುಗಳು ತಮ್ಮತಮ್ಮೊಳಗೇ ಎತ್ತಿ ಹಾಕುವ ಹೊಡೆತ ಬೇಡ ಅಂತ ಮಾತಾಡಿಕೊಂಡಿರುತ್ತವೆ. ನಿಯಮ ಪುಸ್ತಕದಲ್ಲಿಲ್ಲದಿದ್ದರೂ ನನಗೆ ಇದು ಬಹಳ ಬುದ್ಧಿವಂತಿಕೆಯ ಒಪ್ಪಂದ ಅನ್ನಿಸುತ್ತದೆ.

ಮಂಡಿ ನೋವಿದೆ. ಆಡಬಹುದೇ?

ಸಣ್ಣ ಸವೆತವಿದ್ದರೆ ಬಹುಪಾಲು ಜನ ಡಬಲ್ಸ್ ಆಡಬಹುದು. ಮಂಡಿ ಸವೆತಕ್ಕೆ ಪೂರ್ತಿ ವಿಶ್ರಾಂತಿ ಮದ್ದಲ್ಲ, ತೊಡೆಯ ಸ್ನಾಯುವಿನ ಬಲವೇ ಮದ್ದು. ಒಂದು ಸರಳ ಲೆಕ್ಕ: ಆಡುವಾಗ ಸ್ವಲ್ಪ ನೋವಿದ್ದು ಮರುದಿನ ಬೆಳಿಗ್ಗೆಗೆ ಮೊದಲಿನಂತಾದರೆ ಪರವಾಗಿಲ್ಲ. ಮರುದಿನ ಮಂಡಿ ಊದಿದರೆ, ಮೆಟ್ಟಿಲು ಇಳಿಯಲಾಗದಿದ್ದರೆ ಆಟ ಜಾಸ್ತಿಯಾಯಿತು ಅಂತ ಅರ್ಥ. ಮಂಡಿ ಸಿಕ್ಕಿಹಾಕಿಕೊಂಡಂತೆ ಆಗುವುದು, ತಟ್ಟನೆ ಕೈಕೊಡುವುದು ಇದ್ದರೆ ಮೊದಲು ಮೂಳೆ ಡಾಕ್ಟರ್, ಆಮೇಲೆ ಕೋರ್ಟ್. ಮಂಡಿ ಬದಲಿಸಿಕೊಂಡವರಲ್ಲೂ ತುಂಬ ಜನ ಡಬಲ್ಸ್ ಆಡುತ್ತಾರೆ, ಆದರೆ ಆಪರೇಷನ್ ಮಾಡಿದವರ ಒಪ್ಪಿಗೆ ಸಿಕ್ಕ ಮೇಲೆ.

ಸ್ಟೆಂಟ್ ಹಾಕಿಸಿದ್ದಾರೆ. ಬಿಪಿ ಇದೆ.

ಡಾಕ್ಟರ್ ಹತ್ತಿರ ‘ವ್ಯಾಯಾಮ ಮಾಡಬಹುದಾ’ ಅಂತ ಕೇಳಬೇಡಿ. ಅವರು ಹೌದು ಅನ್ನುತ್ತಾರೆ, ಅವರ ಮನಸ್ಸಿನಲ್ಲಿರುವುದು ವಾಕಿಂಗ್. ‘ತಟ್ಟನೆ ಓಡಿ ನಿಲ್ಲುವ ಆಟ, ಒಂದು ಗಂಟೆ, ಎದೆಬಡಿತ ಏರಿ ಇಳಿಯುತ್ತದೆ’ ಅಂತ ಬಿಡಿಸಿ ಹೇಳಿ. ಬೇಕಿದ್ದರೆ ಟಿಎಂಟಿ, ಅಂದರೆ ಟ್ರೆಡ್‌ಮಿಲ್ ಮೇಲೆ ನಡೆಸಿ ಹೃದಯ ನೋಡುವ ಪರೀಕ್ಷೆ, ಮಾಡಿಸುತ್ತಾರೆ.

ಬಿಪಿಗೆ, ಹೃದಯಕ್ಕೆ ಕೊಡುವ ಮೆಟೊಪ್ರೊಲಾಲ್ ಜಾತಿಯ ಮಾತ್ರೆ ತೆಗೆದುಕೊಳ್ಳುವವರ ಎದೆಬಡಿತ ಹೆಚ್ಚು ಏರುವುದೇ ಇಲ್ಲ, ಹಾಗಾಗಿ ಕೈಗಡಿಯಾರ ತೋರಿಸುವ ಅಂಕಿ ನೋಡಿ ಸಮಾಧಾನಪಡುವಂತಿಲ್ಲ. ಮಾತಾಡಲು ಆಗುತ್ತದೆ, ಹಾಡಲು ಆಗುವುದಿಲ್ಲ ಅನ್ನುವಷ್ಟು ಏದುಸಿರು ಸರಿಯಾದ ಮಟ್ಟ. ಪ್ರಾಸ್ಟೇಟ್‌ಗೆ ಕೊಡುವ ಟ್ಯಾಮ್ಸುಲೋಸಿನ್, ಬಿಪಿಗೆ ಕೊಡುವ ಕೆಲವು ಮಾತ್ರೆಗಳು ಬಗ್ಗಿ ಎದ್ದಾಗ ತಲೆ ಸುತ್ತಿಸಬಹುದು. ಚೆಂಡು ಎತ್ತಿಕೊಳ್ಳುವಾಗ ನಿಧಾನ.

ಎದೆಯಲ್ಲಿ ಭಾರ, ದವಡೆಗೋ ಎಡಗೈಗೋ ಹರಡುವ ನೋವು, ತಣ್ಣನೆ ಬೆವರು, ಕಾರಣವಿಲ್ಲದ ಉಸಿರುಕಟ್ಟು, ಕಣ್ಣು ಕತ್ತಲೆ, ಇದರಲ್ಲಿ ಯಾವುದು ಬಂದರೂ ಆ ಕ್ಷಣವೇ ನಿಲ್ಲಿಸಿ, 108ಕ್ಕೆ ಫೋನ್ ಮಾಡಿಸಿ. ‘ಗ್ಯಾಸ್ ಇರಬೇಕು’ ಅಂತ ಗೇಮ್ ಮುಗಿಸಲು ಹೋಗಬೇಡಿ. ಕರ್ನಾಟಕದ ತಾಲ್ಲೂಕು ಆಸ್ಪತ್ರೆಗಳಲ್ಲಿ ಡಾ. ಪುನೀತ್ ರಾಜ್‌ಕುಮಾರ್ ಹೃದಯ ಜ್ಯೋತಿ ಯೋಜನೆಯಡಿ ಇಸಿಜಿ ಮಾಡಿ, ಹೆಪ್ಪುಗಟ್ಟಿದ ರಕ್ತ ಕರಗಿಸುವ ಟೆನೆಕ್ಟೆಪ್ಲೇಸ್ ಇಂಜೆಕ್ಷನ್ ಉಚಿತವಾಗಿ ಕೊಡುವ ವ್ಯವಸ್ಥೆ ಮಾಡಲಾಗಿದೆ. ಊರಿನಲ್ಲಿದ್ದಾಗ ಇದು ನೆನಪಿರಲಿ.

ಶುಗರ್ ಇದೆ. ಖಾಲಿ ಹೊಟ್ಟೆಯಲ್ಲಿ ಆಡಬಹುದೇ?

ಇನ್ಸುಲಿನ್ ಅಥವಾ ಗ್ಲಿಮಿಪಿರೈಡ್ ತೆಗೆದುಕೊಳ್ಳುವವರು ಖಾಲಿ ಹೊಟ್ಟೆಯಲ್ಲಿ ಆಡಬೇಡಿ. ಶುಗರ್ ಕುಸಿದು ಕೋರ್ಟಿನಲ್ಲೇ ತಲೆ ತಿರುಗಬಹುದು. ಒಂದು ಬಾಳೆಹಣ್ಣೋ ಎರಡು ಬಿಸ್ಕತ್ತೋ ತಿಂದು ಹೋಗಿ. ಜೇಬಿನಲ್ಲಿ ಗ್ಲೂಕೋಸ್ ಇರಲಿ, ಜೊತೆಗಾರರಿಗೆ ವಿಷಯ ಗೊತ್ತಿರಲಿ. ಇನ್ನೊಂದು, ಬಹಳ ವರ್ಷದ ಶುಗರ್‌ನಿಂದ ಅಂಗಾಲು ಜುಮ್ಮೆನ್ನುತ್ತಿದ್ದರೆ ಅಥವಾ ಸ್ಪರ್ಶ ಕಮ್ಮಿಯಾಗಿದ್ದರೆ ನೆಲದ ಏರುತಗ್ಗು ಕಾಲಿಗೆ ತಿಳಿಯುವುದಿಲ್ಲ. ಶೂ ಕಚ್ಚಿ ಗುಳ್ಳೆ ಎದ್ದರೂ ತಿಳಿಯುವುದಿಲ್ಲ. ಆಟ ಮುಗಿದ ಮೇಲೆ ಸಾಕ್ಸ್ ತೆಗೆದು ಪಾದ ನೋಡಿಕೊಳ್ಳಿ.

ಮೀನಖಂಡದ ಹತ್ತಿರ ‘ಯಾರೋ ಒದ್ದ ಹಾಗಾಯಿತು’ ಅನ್ನುತ್ತಾರೆ. ಅದೇನು?

ತಿರುಗಿ ನೋಡಿದರೆ ಹಿಂದೆ ಯಾರೂ ಇರುವುದಿಲ್ಲ. ಅದು ಮೀನಖಂಡದ ಸ್ನಾಯು ಹರಿದಿರಬಹುದು, ಅಥವಾ ಹಿಮ್ಮಡಿ ಮೇಲಿನ ಅಕಿಲಿಸ್ ಸ್ನಾಯುರಜ್ಜು ತುಂಡಾಗಿರಬಹುದು. ತುದಿಗಾಲಲ್ಲಿ ನಿಲ್ಲಲು ಆಗದಿದ್ದರೆ ಎರಡನೆಯದರ ಅನುಮಾನ ಹೆಚ್ಚು. ಎಣ್ಣೆ ಹಾಕಿ ತಿಕ್ಕಿಸಬೇಡಿ. ಅದೇ ದಿನ ಮೂಳೆ ಡಾಕ್ಟರಿಗೆ ತೋರಿಸಿ, ತಡವಾದಷ್ಟೂ ಚಿಕಿತ್ಸೆ ಕಷ್ಟ.

ಇಲ್ಲಿ ಹೆಚ್ಚು ಜನಕ್ಕೆ ತಿಳಿಯದ ಒಂದು ವಿಷಯವಿದೆ. ಸಿಪ್ರೊಫ್ಲಾಕ್ಸಸಿನ್, ಲಿವೊಫ್ಲಾಕ್ಸಸಿನ್ ಮುಂತಾದ ಆಂಟಿಬಯೋಟಿಕ್‌ಗಳು ಈ ಸ್ನಾಯುರಜ್ಜನ್ನು ದುರ್ಬಲಗೊಳಿಸಬಹುದು. 60 ದಾಟಿದವರಿಗೆ, ಸ್ಟೀರಾಯ್ಡ್ ಕೂಡ ತೆಗೆದುಕೊಳ್ಳುವವರಿಗೆ ಅಪಾಯ ಹೆಚ್ಚು ಎಂದು ಅಮೆರಿಕದ ಔಷಧ ನಿಯಂತ್ರಣ ಸಂಸ್ಥೆ 2008ರಲ್ಲೇ ಅತ್ಯಂತ ಕಟ್ಟುನಿಟ್ಟಿನ ಎಚ್ಚರಿಕೆ ಕೊಟ್ಟಿದೆ. ನಮ್ಮಲ್ಲಿ ಉರಿಮೂತ್ರಕ್ಕೆ, ಭೇದಿಗೆ ಮೆಡಿಕಲ್ ಶಾಪಿನಲ್ಲಿ ನೇರವಾಗಿ ಇವನ್ನೇ ಕೊಂಡು ನುಂಗುವವರಿದ್ದಾರೆ. ಕೋರ್ಸ್ ನಡೆಯುವಾಗ ಆಡಬೇಡಿ. ಮುಗಿದ ಮೇಲೂ ಕೆಲವು ವಾರ ಕಾಯಿರಿ, ಎಷ್ಟು ಅಂತ ಡಾಕ್ಟರನ್ನು ಕೇಳಿ.

ಮೊಣಕೈ ನೋವು ಶುರುವಾಗಿದೆ.

ಟೆನಿಸ್ ಎಲ್ಬೋ ಅನ್ನುವುದೇ ಇದು. ಪ್ಯಾಡಲ್ಲನ್ನು ಬಿಗಿಯಾಗಿ ಹಿಡಿಯುವುದು, ಮಣಿಕಟ್ಟಿನಿಂದಲೇ ಹೊಡೆಯುವುದು, ದಿನಾ ಆಡುವುದು ಕಾರಣ. ಹಿಡಿತ ಸಡಿಲ ಮಾಡಿ, ಆಟ ಅರ್ಧಕ್ಕೆ ಇಳಿಸಿ. ಎರಡು ಮೂರು ವಾರದಲ್ಲಿ ಕಡಿಮೆಯಾಗದಿದ್ದರೆ ಫಿಸಿಯೋಥೆರಪಿ. ನೋವಿನ ಮಾತ್ರೆ ನುಂಗಿ ಆಡುವುದು ಬೇಡ, ಕಿಡ್ನಿಗೂ ಒಳ್ಳೆಯದಲ್ಲ.

ಕನ್ನಡಕ ಹಾಕಿಕೊಂಡೇ ಆಡುತ್ತೇನೆ. ಕಣ್ಣಿಗೆ ರಕ್ಷಣೆ ಅಷ್ಟು ಸಾಕೇ?

ಸಾಲದು. ಕಿಚನ್ ಗೆರೆಯಲ್ಲಿ ನಿಂತಾಗ ನಿಮಗೂ ಎದುರಾಳಿಗೂ 14 ಅಡಿ ಅಂತರ. ಚೆಂಡು ಹಗುರ, ಆದರೆ ಗಟ್ಟಿ. ಕಣ್ಣಿಗೆ ನೇರ ಬಡಿದರೆ ಒಳಗೆ ರಕ್ತಸ್ರಾವವಾಗಬಹುದು, ರೆಟಿನಾ ಕಿತ್ತುಬರಬಹುದು. ಪಾಲಿಕಾರ್ಬೊನೇಟ್ ಎಂಬ ಗಟ್ಟಿ ಪ್ಲಾಸ್ಟಿಕ್ ಲೆನ್ಸಿನ ಆಟದ ಕನ್ನಡಕ ಹಾಕಿ. ಪೊರೆ ಆಪರೇಷನ್ ಆದವರಂತೂ ಮರೆಯಲೇಬಾರದು.

ಪ್ರೊಗ್ರೆಸ್ಸಿವ್ ಅಥವಾ ಬೈಫೋಕಲ್ ಕನ್ನಡಕದ್ದು ಇನ್ನೊಂದು ತೊಂದರೆ. ಅದರ ಕೆಳಭಾಗ ಓದುವುದಕ್ಕೆಂದು ಇರುವುದು. ಅದರಲ್ಲಿ ಕಾಲ ಬುಡದ ನೆಲ ಮಸುಕಾಗಿ, ಎಲ್ಲೋ ಇದ್ದಂತೆ ಕಾಣುತ್ತದೆ. ಹೆಜ್ಜೆ ತಪ್ಪುತ್ತದೆ. ಆಟಕ್ಕೆ ದೂರದ ನಂಬರಿನದೇ ಬೇರೆ ಕನ್ನಡಕ ಮಾಡಿಸಿ.

ವಾಕಿಂಗ್ ಶೂ ಆಗುವುದಿಲ್ಲವೇ?

ಆಗುವುದಿಲ್ಲ. ವಾಕಿಂಗ್, ರನ್ನಿಂಗ್ ಶೂಗಳ ಹಿಮ್ಮಡಿ ಎತ್ತರ, ಮೆತ್ತಗೆ. ಮುಂದಕ್ಕೆ ಹೋಗಲು ಮಾಡಿದ್ದು ಅದು, ಪಕ್ಕಕ್ಕೆ ಸರಿದಾಗ ಪಾದ ಮಗುಚುತ್ತದೆ. ಹೊರಗಿನ ಕೋರ್ಟಿಗೆ ಟೆನಿಸ್ ಶೂ, ಒಳಾಂಗಣದ ಮರದ ಅಥವಾ ಮ್ಯಾಟ್ ನೆಲಕ್ಕೆ ಬ್ಯಾಡ್ಮಿಂಟನ್ ಶೂ ಸರಿ.

ಶುರುಮಾಡುವ ಮೊದಲು ಏನು ತಯಾರಿ ಬೇಕು?

ಆರರಿಂದ ಎಂಟು ವಾರ ಕಾಲು ಕಟ್ಟಿಕೊಳ್ಳಿ. ಜಿಮ್ ಬೇಕಿಲ್ಲ. ಕುರ್ಚಿಯಿಂದ ಕೈ ಊರದೆ ಎದ್ದು ಕೂರುವುದು. ಅಡುಗೆಮನೆ ಕಟ್ಟೆ ಹಿಡಿದು ಹಿಮ್ಮಡಿ ಎತ್ತಿ ಇಳಿಸುವುದು. ಗೋಡೆ ಹಿಡಿದು ಪಕ್ಕಕ್ಕೆ ಹೆಜ್ಜೆ ಹಾಕುವುದು. ಕುಕ್ಕರ್ ಕೂಗುವವರೆಗೆ ಒಂಟಿ ಕಾಲಲ್ಲಿ ನಿಲ್ಲುವ ಅಭ್ಯಾಸ, ಮೊದಮೊದಲು ಕಟ್ಟೆ ಹಿಡಿದು, ಕಾಲು ಬದಲಿಸುತ್ತಾ. ಹತ್ತು ಸೆಕೆಂಡ್ ಒಂಟಿ ಕಾಲಲ್ಲಿ ನಿಲ್ಲಲು ಆಗದಿದ್ದರೆ ಇನ್ನೂ ಕೋರ್ಟಿಗೆ ಹೊತ್ತಾಗಿಲ್ಲ ಅಂತ ನಾನಂದುಕೊಳ್ಳುತ್ತೇನೆ.

ಆಟದ ದಿನ ಮೊದಲ ಹತ್ತು ನಿಮಿಷ ಮೈ ಬೆಚ್ಚಗಾಗಲಿ: ಚುರುಕು ನಡಿಗೆ, ಭುಜ ತಿರುಗಿಸುವುದು, ಪಕ್ಕದ ಹೆಜ್ಜೆ, ನಿಧಾನ ರ‍್ಯಾಲಿ. ಕಾರಿನಿಂದಿಳಿದು ನೇರ ಗೇಮಿಗೆ ನಿಲ್ಲುವವರೇ ಸ್ನಾಯು ಹರಿದುಕೊಳ್ಳುವುದು.

ವಾರಕ್ಕೆ ಎಷ್ಟು ದಿನ?

ಮೊದಲ ತಿಂಗಳು ಎರಡು ದಿನ, ಮುಕ್ಕಾಲು ಗಂಟೆ. ಆಮೇಲೆ ಮೂರು. ನಡುವೆ ಒಂದು ದಿನ ಬಿಡುವು. ಈ ಆಟದ ಹುಚ್ಚು ಕೆಟ್ಟದ್ದು, ‘ಇನ್ನೊಂದೇ ಗೇಮ್’ ಅನ್ನುವಾಗ ಕಾಲು ಸೋತಿರುತ್ತದೆ. ಸಾಕು ಅನ್ನಿಸುವುದಕ್ಕೆ ಒಂದು ಗೇಮ್ ಮೊದಲೇ ಬ್ಯಾಗ್ ಹೆಗಲಿಗೆ ಹಾಕಿ. ಕಲಬುರಗಿ, ರಾಯಚೂರಿನ ಬೇಸಿಗೆಯಲ್ಲಿ ಬಿಸಿಲೇರುವ ಮೊದಲೇ ಮುಗಿಸಿ. ಕರಾವಳಿಯಲ್ಲಿ ಬೆವರು ಒಣಗುವುದಿಲ್ಲ, ನೀರಿನ ಜೊತೆ ಉಪ್ಪು ಹಾಕಿದ ಮಜ್ಜಿಗೆ ಇರಲಿ. ಬಿಪಿ ಇರುವವರು ಉಪ್ಪಿನ ವಿಷಯ ಡಾಕ್ಟರನ್ನು ಕೇಳಿಕೊಳ್ಳಿ.

ಬಿದ್ದರೆ ಏನು ಮಾಡಬೇಕು?

ಗಡಿಬಿಡಿಯಲ್ಲಿ ಏಳಬೇಡಿ, ಏಳಿಸಲು ಬಿಡಬೇಡಿ. ನಾಚಿಕೆಯಿಂದ ‘ಏನೂ ಆಗಿಲ್ಲ’ ಅನ್ನುವುದು ನಮ್ಮವರ ರೂಢಿ. ಮೊದಲು ಕೈ ಕಾಲು ಆಡಿಸಿ ನೋಡಿ. ಮಣಿಕಟ್ಟು ಸೊಟ್ಟಗಾಗಿದ್ದರೆ, ಕಾಲ ಮೇಲೆ ಭಾರ ಹಾಕಲು ಆಗದಿದ್ದರೆ, ತೊಡೆಸಂದಿಯಲ್ಲಿ ನೋವಿದ್ದರೆ ಎಕ್ಸ್‌ರೇ ಆಗಲೇಬೇಕು. ನಾಟಿ ಪಟ್ಟು ಹಾಕಿಸುವ ಮನಸ್ಸಿದ್ದರೂ ಎಕ್ಸ್‌ರೇ ಮೊದಲು. ತಲೆಗೆ ಪೆಟ್ಟು ಬಿದ್ದು ವಾಂತಿ, ಮಂಕು, ಜಾಸ್ತಿಯಾಗುವ ತಲೆನೋವು ಕಂಡರೆ ತಡ ಮಾಡಬೇಡಿ. ರಕ್ತ ತೆಳುವಾಗಿಸುವ ಮಾತ್ರೆ ತೆಗೆದುಕೊಳ್ಳುವವರು ಏನೂ ಅನ್ನಿಸದಿದ್ದರೂ ಆಸ್ಪತ್ರೆಗೆ ಹೋಗಿ.

ಅಮೆರಿಕಕ್ಕೆ ಮಗಳ ಮನೆಗೆ ಹೊರಟಿದ್ದೇವೆ. ಅಲ್ಲಿ ಆಡಬಹುದೇ?

ಆಡಿ, ಅಲ್ಲಿನ ಸಾರ್ವಜನಿಕ ಪಾರ್ಕುಗಳಲ್ಲಿ ಎಷ್ಟೋ ಕಡೆ ಉಚಿತ. ಆದರೆ ಪ್ರಯಾಣ ವಿಮೆ ಓದಿಕೊಳ್ಳಿ. ಆಟದ ಪೆಟ್ಟು ಸೇರಿದೆಯೇ, ಮೊದಲೇ ಇದ್ದ ಕಾಯಿಲೆಗೆ ಏನು ಹೇಳಿದೆ, ಎಷ್ಟು ದುಡ್ಡು ನಿಮ್ಮ ಕೈಯಿಂದ ಹೋಗುತ್ತದೆ ನೋಡಿ. ಅಲ್ಲಿ ಒಂದು ಮಣಿಕಟ್ಟಿನ ಮುರಿತದ ಬಿಲ್ಲು ನೋಡಿದರೆ ಕೈಗಿಂತ ಎದೆ ಜಾಸ್ತಿ ನೋಯುತ್ತದೆ. ತುರ್ತು ನಂಬರ್ 911. ನಿಮ್ಮ ಮಾತ್ರೆಗಳ ಹೆಸರು ಇಂಗ್ಲಿಷಿನಲ್ಲಿ ಬರೆದ ಚೀಟಿ ಜೇಬಿನಲ್ಲಿರಲಿ.

ನನಗೆ 75. ಈಗ ಶುರುಮಾಡುವುದು ಹುಚ್ಚುತನವೇ?

ಅಲ್ಲ. ಮೇಲಿನ ತಯಾರಿಗೆ ಎರಡು ತಿಂಗಳ ಬದಲು ಮೂರು ತಿಂಗಳು ಕೊಡಿ. ಡಬಲ್ಸ್ ಮಾತ್ರ ಆಡಿ, ನಿಮ್ಮ ವಯಸ್ಸಿನವರ ಜೊತೆ. ಚೆಂಡು ಎರಡು ಸಲ ಪುಟಿಯಲಿ ಅಂತ ಒಪ್ಪಿಕೊಂಡೇ ಆಡಬಹುದು. ಗಾಲಿಕುರ್ಚಿಯಲ್ಲಿ ಆಡುವವರಿಗೆ ಅಧಿಕೃತ ನಿಯಮದಲ್ಲೇ ಆ ಅವಕಾಶವಿದೆ, ನಿಮ್ಮ ಗುಂಪಿನಲ್ಲಿ ಇದ್ದರೆ ಯಾರು ಬೇಡ ಅನ್ನುತ್ತಾರೆ? ಕಳೆದ ವರ್ಷದಲ್ಲಿ ಒಮ್ಮೆಯಾದರೂ ಮನೆಯಲ್ಲೇ ಬಿದ್ದಿದ್ದರೆ ಮಾತ್ರ ಮೊದಲು ಅದರ ಕಾರಣ ಹುಡುಕಿಸಿ.

ಎಂಥ ಪ್ಯಾಡಲ್ ಕೊಳ್ಳಲಿ?

ಸದ್ಯಕ್ಕೆ ಯಾವುದೂ ಬೇಡ. ಮೊದಲ ತಿಂಗಳು ಕೋರ್ಟಿನವರೇ ಬಾಡಿಗೆಗೆ ಕೊಡುವ ಪ್ಯಾಡಲ್ ಸಾಕು. ಆಮೇಲೆ ಕೊಳ್ಳುವಾಗ 220 ಗ್ರಾಂ ಆಸುಪಾಸಿನದು, ಹಿಡಿ ನಿಮ್ಮ ಕೈಗೆ ಸರಿಯಾಗಿ ಕೂರುವಂಥದ್ದು ನೋಡಿ. ಭಾರದ್ದಾದರೆ ಮೊಣಕೈಗೆ, ತೀರ ಹಗುರವಾದರೆ ಜೋರಾಗಿ ಬೀಸಿ ಭುಜಕ್ಕೆ ತೊಂದರೆ. ಪ್ಯಾಡಲ್‌ಗೆ ಎತ್ತಿಟ್ಟ ದುಡ್ಡಿನಲ್ಲಿ ಮೊದಲು ಶೂ ತೆಗೆದುಕೊಳ್ಳಿ.